ಮೂಲಸಂಕೇತದಿಂದ ಧ್ವನಿಮುದ್ರಣಾಲಯ: ಜೆಂಟೂ ಲಿನಕ್ಸ್‌ನಲ್ಲಿ ಆರ್ಡರ್ ತಂತ್ರಾಂಶದ ಸ್ಥಾಪನೆ

ವಳಸಂಗ (ತಾ. ಜತ್ತ, ಜಿ. ಸಾಂಗಲಿ): ಮೂಲಸಂಕೇತ ಆಧಾರಿತ ಲಿನಕ್ಸ್ ಎಂದರೆ ತಂತ್ರಾಂಶಗಳನ್ನು ಸಿದ್ಧರೂಪದಲ್ಲಿ ಪಡೆಯದೆ, ಅವುಗಳ ಮೂಲಬರಹವನ್ನೇ ತರಿಸಿಕೊಂಡು ನಮ್ಮ ಗಣಕಯಂತ್ರದಲ್ಲಿಯೇ ಕಂಪೈಲ್ ಮಾಡಿ ಸ್ಥಾಪಿಸಿಕೊಳ್ಳುವ ವ್ಯವಸ್ಥೆ. ಪೇಟೆಯಿಂದ ಹಿಟ್ಟಿನ ಪೊಟ್ಟಣ ತರುವುದಕ್ಕೂ, ಮನೆಯ ಜೋಳವನ್ನು ಗಿರಣಿಗೆ ಒಯ್ದು ನಮಗೆ ಬೇಕಾದಷ್ಟು ಸಣ್ಣಗೆ ಬೀಸಿಸಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಈ ಬಗೆಯ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜೆಂಟೂ. ಡೇನಿಯಲ್ ರಾಬಿನ್ಸ್ ಅವರು ಮೊದಲು ‘ಈನಾಕ್’ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಯೋಜನೆಯ 1.0 ಆವೃತ್ತಿಯು 2002ರ ಮಾರ್ಚಿನಲ್ಲಿ ಹೊರಬಂದಿತು. ನೀರಿನಲ್ಲಿ ಅತಿ ವೇಗವಾಗಿ ಈಜುವ ಪೆಂಗ್ವಿನ್ ಜಾತಿಯ ಹೆಸರನ್ನು ಇದಕ್ಕೆ ಇಡಲಾಗಿದೆ. ಹೆಸರು ವೇಗದ್ದಾದರೂ ಸ್ಥಾಪನೆಯ ಕಾರ್ಯ ಮಾತ್ರ ನಿಧಾನದ್ದೆಂಬುದನ್ನು ಓದುಗರು ಮೊದಲೇ ತಿಳಿದಿರಬೇಕು.

ಆರ್ಡರ್ ಎಂಬುದು ಬಹುಪಥ ಧ್ವನಿಮುದ್ರಣ ಹಾಗೂ ಸಂಪಾದನೆಯ ತಂತ್ರಾಂಶ. ಅಂಗಡಿಗೆ ಕೊಡುವ ಆರ್ಡರಿಗೂ ಇದಕ್ಕೂ ಸಂಬಂಧವಿಲ್ಲ. ಉತ್ಕಟ ಉತ್ಸಾಹ ಎಂಬರ್ಥದ ಇಂಗ್ಲಿಷ್ ಪದವಿದು. ಪಾಲ್ ಡೇವಿಸ್ ಅವರು ಇದರ ಮುಖ್ಯ ಕರ್ತೃ. ಧ್ವನಿ ತಂತ್ರಾಂಶಗಳನ್ನು ಪರಸ್ಪರ ಜೋಡಿಸುವ ಜ್ಯಾಕ್ ಎಂಬ ಸೇತುವೆಯ ಮೂಲ ನಿರ್ಮಾತೃವೂ ಅವರೇ. ಆರ್ಡರ್‌ನ ಸಿದ್ಧರೂಪದ ಪ್ರತಿಗೆ ಅದರ ನಿರ್ಮಾಪಕರು ಹಣ ಕೇಳುತ್ತಾರೆ. ಮೂಲಸಂಕೇತವಾದರೋ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಮುಕ್ತ. ಅದನ್ನು ತಾವೇ ಕಂಪೈಲ್ ಮಾಡಿಕೊಳ್ಳುವವರು ಹಣ ಕೊಡಬೇಕಿಲ್ಲ. ಇದರಲ್ಲಿ ಕಳ್ಳತನವೂ ಇಲ್ಲ, ಕದ್ದ ಬೀಗದಕೈಯೂ ಇಲ್ಲ. ಶಾಲೆಯ ಗಣಕಯಂತ್ರದಲ್ಲಿ ಕಳ್ಳ ಪ್ರತಿಯ ತಂತ್ರಾಂಶವನ್ನು ಹಾಕಿ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವುದು ಶೋಭಿಸದು.

ಗಡಿಭಾಗಕ್ಕೆ ಇದರ ಅಗತ್ಯವೇನು?

ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಬರುತ್ತವೆ. ಆದರೆ ಪುಸ್ತಕಕ್ಕೆ ದನಿಯಿಲ್ಲ. ಮೊಬೈಲಿನಲ್ಲಿ ಕೇಳಸಿಗುವ ಪಾಠಗಳು ಒಂದೋ ಪುಣೆಯ ಮರಾಠಿಯವು, ಇಲ್ಲವೇ ಬೆಂಗಳೂರಿನ ಕನ್ನಡದವು. ವಳಸಂಗ, ಸಂಖ, ಉಮದಿಯ ಅಜ್ಜಿಯರು ಆಡುವ ಕನ್ನಡ ಈ ಎರಡರಲ್ಲಿಯೂ ಇಲ್ಲ. ಕಣದಲ್ಲಿ ಎತ್ತು ಹೂಡಿ ಹಂತಿ ತುಳಿಸುವ ರೂಢಿಯೇ ಯಂತ್ರದ ರಾಶಿಯಿಂದಾಗಿ ನಿಂತಿರುವಾಗ ಹಂತಿ ಪದಗಳನ್ನು ಬಲ್ಲವರು ಎಷ್ಟು ದಿನ ಉಳಿದಾರು? ಬೀಸುವ ಪದ, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ ಪದ, ಗುಡ್ಡಾಪುರದ ದಾನಮ್ಮದೇವಿಗೆ ಪಾದಯಾತ್ರೆ ಹೋಗುವವರ ಭಜನೆ, ಇವೆಲ್ಲ ಉತ್ತಮ ಗುಣಮಟ್ಟದಲ್ಲಿ ಮುದ್ರಣಗೊಳ್ಳಬೇಕಾದವು. ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಯು 1906ರ ತನ್ನ ನಾಲ್ಕನೆಯ ಸಂಪುಟದಲ್ಲಿ ಕನ್ನಡದ ಮಾದರಿಗಳನ್ನು ಅಚ್ಚು ಮಾಡಿತು. ಅದೇ ಸಮೀಕ್ಷೆಯ ಅಂಗವಾಗಿ ಮುಂದೆ ಗ್ರಾಮೋಫೋನ್ ತಟ್ಟೆಗಳಲ್ಲಿಯೂ ಈ ದೇಶದ ಭಾಷೆಗಳ ದನಿ ಹಿಡಿಯಲಾಯಿತು. ಅಂದು ಸರಕಾರಕ್ಕೆ ಮಾತ್ರ ಸಾಧ್ಯವಿದ್ದ ಕೆಲಸವನ್ನು ಇಂದು ಒಂದು ಹಳ್ಳಿಯ ಶಾಲೆ ಮಾಡಬಲ್ಲದು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಶಾಲೆಯಲ್ಲಿ ಇರುವುದು ಒಂದೇ ಗಣಕಯಂತ್ರ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದಾದರೆ ಜೆಂಟೂವಿನ ಗೋಜಿಗೆ ಹೋಗಬಾರದು. ಡೆಬಿಯನ್ ಅಥವಾ ಉಬುಂಟು ಸ್ಟುಡಿಯೋ ಅರ್ಧ ದಿನದಲ್ಲಿ ಕೂರುತ್ತದೆ, ಅದರಲ್ಲಿಯೂ ಆರ್ಡರ್ ಸಿಗುತ್ತದೆ. ಮೂಲಸಂಕೇತದ ದಾರಿ ಹಿಡಿಯಬೇಕಾದವರು ಮೂರು ಬಗೆಯವರು: ಹಳೆಯ ಯಂತ್ರದಿಂದ ಅನಗತ್ಯ ಭಾರವನ್ನೆಲ್ಲ ಕಳೆದು ಧ್ವನಿಗೆಂದೇ ಅಣಿಗೊಳಿಸಬೇಕೆನ್ನುವವರು, ಇನ್ನೂ ಪರೀಕ್ಷೆಯ ಹಂತದಲ್ಲಿರುವ ಆವೃತ್ತಿಗಳನ್ನು ಬಳಸಬೇಕಾದವರು, ಹಾಗೂ ಒಳಗಿನದನ್ನು ಕಲಿಯಲು ಬಯಸುವವರು. ಡಿಪ್ಲೊಮಾ ಓದುತ್ತಿರುವ ನಮ್ಮೂರ ಹುಡುಗರಿಗೆ ಈ ಮೂರನೆಯ ಕಾರಣವೊಂದೇ ಸಾಕು.

ಮುಂದೆ ಬರುವ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲೇ ಬೆರಳಚ್ಚು ಮಾಡಬೇಕು.

ತಳಪಾಯ

64 ಬಿಟ್‌ನ ಸಂಸ್ಕಾರಕ ಮತ್ತು ಕನಿಷ್ಠ 4 ಜಿಬಿ ಸ್ಮೃತಿ ಇರಬೇಕು. ಜೆಂಟೂವಿನ ಕೈಪಿಡಿ ಹೇಳುವ ಕ್ರಮದಲ್ಲಿಯೇ ಸ್ಥಾಪನೆ ಮಾಡುವುದು ಲೇಸು: ಡಿಸ್ಕನ್ನು ಭಾಗ ಮಾಡುವುದು, ಸ್ಟೇಜ್-3 ಎಂಬ ಕಟ್ಟನ್ನು ಬಿಚ್ಚುವುದು, ಅದರೊಳಗೆ ಪ್ರವೇಶಿಸಿ ಡೆಸ್ಕ್‌ಟಾಪ್ ಪ್ರೊಫೈಲ್ ಆರಿಸುವುದು, ಕರ್ನೆಲ್ ಹಾಗೂ ಬೂಟ್‌ಲೋಡರ್ ಹಾಕುವುದು. ಕರ್ನೆಲನ್ನು ಮೊದಲ ಸಲವೇ ಕಂಪೈಲ್ ಮಾಡುವ ಹಟ ಬೇಡ. ಜೆಂಟೂ ಕರ್ನೆಲ್ ಬಿನ್ ಎಂಬ ಸಿದ್ಧ ಪ್ಯಾಕೇಜು ಇದೆ.

ಮೇಕ್‌ಕಾನ್ಫ್ ಎಂಬ ಕಡತದಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ಏಕಕಾಲಕ್ಕೆ ಎಷ್ಟು ಕಂಪೈಲ್ ಕೆಲಸ ನಡೆಯಬೇಕೆಂಬ ಸಂಖ್ಯೆ. ಪ್ರತಿ ಕೆಲಸಕ್ಕೆ 2 ಜಿಬಿ ಸ್ಮೃತಿ ಬೇಕೆಂಬುದು ಕೈಪಿಡಿಯ ಲೆಕ್ಕ. ಹಾಗಾಗಿ ನಾಲ್ಕು ಕೋರ್‌ಗಳಿದ್ದರೂ 4 ಜಿಬಿ ಮಾತ್ರ ಇದ್ದರೆ ಆ ಸಂಖ್ಯೆ 2 ಆಗಬೇಕು. ಇದನ್ನು ಮೀರಿದರೆ ನಡುವೆಯೇ ‘ಕಿಲ್ಡ್’ ಎಂಬ ಒಂದೇ ಪದ ತೋರಿ ಕೆಲಸ ನಿಲ್ಲುತ್ತದೆ. ಅದು ತಂತ್ರಾಂಶದ ದೋಷವಲ್ಲ, ಸ್ಮೃತಿ ಸಾಲದೆ ಕರ್ನೆಲ್ ತಾನೇ ಕೊಂದದ್ದು. ಇನ್ನೊಂದು, ಮಾರ್ಚ್ ಎಂಬ ಸೂಚನೆ. ಅದನ್ನು ‘ನೇಟಿವ್’ ಎಂದಿಟ್ಟರೆ ಆ ಯಂತ್ರದ ಸಂಸ್ಕಾರಕಕ್ಕೇ ಹೊಂದುವ ಸಂಕೇತ ಹುಟ್ಟುತ್ತದೆ. ಒಂದೇ ಯಂತ್ರಕ್ಕಾದರೆ ಇದು ಒಳ್ಳೆಯದು. ಆದರೆ ಅಲ್ಲಿ ತಯಾರಾದದ್ದನ್ನು ಪಕ್ಕದ ಶಾಲೆಯ ಇನ್ನೂ ಹಳೆಯ ಯಂತ್ರಕ್ಕೆ ಒಯ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತದೆ. ಹಂಚುವ ಉದ್ದೇಶವಿದ್ದರೆ ಸಾಮಾನ್ಯ ಎಕ್ಸ್86-64 ಮಟ್ಟವನ್ನೇ ಇಟ್ಟುಕೊಳ್ಳಬೇಕು.

ವಿದ್ಯುತ್ತು ಮತ್ತು ಅಂತರ್ಜಾಲ

ನಗರದವರು ಬರೆದ ಮಾರ್ಗದರ್ಶಿಗಳು ಈ ಎರಡೂ ಸದಾ ಇರುತ್ತವೆಂದು ಭಾವಿಸುತ್ತವೆ. ನಮ್ಮಲ್ಲಿ ಹಾಗಲ್ಲ.

ಕಂಪೈಲ್ ನಡೆಯುವಾಗ ಕರೆಂಟು ಹೋದರೆ, ಮರಳಿದ ಮೇಲೆ ಇಮರ್ಜ್ ಆಜ್ಞೆಗೆ ‘ರೆಸ್ಯೂಮ್’ ಎಂಬ ಆಯ್ಕೆ ಸೇರಿಸಿ ಕೊಟ್ಟರೆ ಪಟ್ಟಿಯಲ್ಲಿ ಉಳಿದ ಪ್ಯಾಕೇಜುಗಳ ಕೆಲಸ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಪ್ಯಾಕೇಜು ಮಾತ್ರ ಮೊದಲಿನಿಂದ ಆರಂಭವಾಗುತ್ತದೆ. ಸಿಸಿಕ್ಯಾಶ್ ಎಂಬ ಸಣ್ಣ ಸಾಧನವನ್ನು ಜೋಡಿಸಿದ್ದರೆ ಆಗಲೇ ಕಂಪೈಲ್ ಆದ ತುಣುಕುಗಳು ಉಳಿದಿರುವುದರಿಂದ ಎರಡನೆಯ ಸಲ ಬೇಗ ಮುಗಿಯುತ್ತದೆ. ಬ್ಯಾಟರಿಯಿರುವ ಹಳೆಯ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಡೆಸ್ಕ್‌ಟಾಪಿಗಿಂತ ಉತ್ತಮ. ಇನ್ನೊಂದು ಅನುಕೂಲವೂ ಒದಗಿದೆ: 2023ರ ಡಿಸೆಂಬರಿನಿಂದ ಜೆಂಟೂ ಯೋಜನೆಯೇ ಬಹಳಷ್ಟು ಪ್ಯಾಕೇಜುಗಳನ್ನು ಸಿದ್ಧರೂಪದಲ್ಲಿಯೂ ಕೊಡತೊಡಗಿದೆ. ಬ್ರೌಸರ್, ರಸ್ಟ್ ಕಂಪೈಲರ್ ಮೊದಲಾದ ಭಾರದವುಗಳನ್ನು ಸಿದ್ಧರೂಪದಲ್ಲಿ ತೆಗೆದುಕೊಂಡು, ಧ್ವನಿಗೆ ಸಂಬಂಧಿಸಿದವುಗಳನ್ನಷ್ಟೇ ಮೂಲದಿಂದ ಕಟ್ಟುವುದು ಜಾಣತನ. ಇದರಿಂದ ‘ಶುದ್ಧ’ ಜೆಂಟೂ ಕೆಟ್ಟಿತೆಂದು ಮೂಗು ಮುರಿಯುವವರು ನಮ್ಮ ಊರಿನ ವಿದ್ಯುತ್ ವೇಳಾಪಟ್ಟಿಯನ್ನು ಒಮ್ಮೆ ನೋಡಲಿ.

ಅಂತರ್ಜಾಲದ ತೊಂದರೆಗೆ ಇನ್ನೂ ಸೊಗಸಾದ ಪರಿಹಾರವಿದೆ. ಇಮರ್ಜ್ ಆಜ್ಞೆಗೆ ‘ಪ್ರಿಟೆಂಡ್’ ಮತ್ತು ‘ಫೆಚ್‌ಓನ್ಲಿ’ ಎಂಬ ಎರಡು ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೆ, ಏನನ್ನೂ ಇಳಿಸಿಕೊಳ್ಳದೆ, ಬೇಕಾದ ಮೂಲ ಕಟ್ಟುಗಳ ವಿಳಾಸಗಳನ್ನಷ್ಟೇ ಅದು ಪರದೆಯ ಮೇಲೆ ಬರೆಯುತ್ತದೆ. ಆ ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ಜತ್ತಿಗೋ ವಿಜಯಪುರಕ್ಕೋ ಒಯ್ದು, ವೇಗದ ಸಂಪರ್ಕವಿರುವ ಯಾವುದೇ ಗಣಕಯಂತ್ರದಲ್ಲಿ ಇಳಿಸಿಕೊಂಡು ತಂದು ‘ಡಿಸ್ಟ್‌ಫೈಲ್ಸ್’ ಕೋಶದಲ್ಲಿ ಹಾಕಿದರೆ ಸಾಕು. ದಾರಿಯಲ್ಲಿ ಕಡತ ಕೆಟ್ಟಿದ್ದರೆ? ಪ್ರತಿಯೊಂದು ಕಟ್ಟಿಗೂ ಎಸ್‌ಎಚ್‌ಎ512 ಮತ್ತು ಬ್ಲೇಕ್2ಬಿ ಎಂಬ ಎರಡು ಬೆರಳಚ್ಚುಗಳು ಪೋರ್ಟೇಜ್ ದಾಖಲೆಯಲ್ಲಿರುತ್ತವೆ. ತಾಳೆಯಾಗದ ಕಟ್ಟನ್ನು ಅದು ಮುಟ್ಟುವುದೇ ಇಲ್ಲ. ಪ್ಯಾಕೇಜು ಪಟ್ಟಿಯ ನವೀಕರಣಕ್ಕೂ ‘ಇಮರ್ಜ್ ವೆಬ್‌ಆರ್‌ಸಿಂಕ್’ ಎಂಬ ಆಜ್ಞೆಯಿದ್ದು, ಅದು ಇಡೀ ಪಟ್ಟಿಯನ್ನು ಒಂದೇ ಕಟ್ಟಾಗಿ ತರುತ್ತದೆ.

ಪ್ರಾಯೋಗಿಕ ಎಂದರೇನು?

ಈ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ಸಿಸೌಂಡ್, ಪ್ಯೂರ್ ಡೇಟಾ, ಸೂಪರ್ ಕೊಲೈಡರ್ ಮೊದಲಾದವು ಧ್ವನಿಯ ಮೇಲೆಯೇ ಪ್ರಯೋಗ ನಡೆಸುವ ತಂತ್ರಾಂಶಗಳು. ಅವು ಹಳೆಯವು, ನೆಲೆಗೊಂಡವು. ಎರಡನೆಯ ಅರ್ಥದಲ್ಲಿ, ಇನ್ನೂ ಪರೀಕ್ಷೆ ಮುಗಿಯದ ಆವೃತ್ತಿಯೇ ಪ್ರಾಯೋಗಿಕ. ಜೆಂಟೂ ಈ ಎರಡನೆಯದನ್ನು ಕೀವರ್ಡ್ ಎಂಬ ಗುರುತಿನಿಂದ ಸೂಚಿಸುತ್ತದೆ. ‘ಎಎಂಡಿ64’ ಎಂದಷ್ಟೇ ಇದ್ದರೆ ಸ್ಥಿರ. ಅದರ ಹಿಂದೆ ಬಳುಕುಗೆರೆ ಇದ್ದರೆ ಪರೀಕ್ಷಾರ್ಥ. ಆವೃತ್ತಿಯ ಸಂಖ್ಯೆ 9999 ಎಂದಿದ್ದರೆ ಅದು ನಿರ್ಮಾಪಕರು ಇಂದು ಬೆಳಿಗ್ಗೆ ಬರೆದದ್ದೂ ಆಗಿರಬಹುದು. 9999 ಆವೃತ್ತಿಯು ನೇರವಾಗಿ ಗಿಟ್ ಭಂಡಾರದಿಂದ ಬರುವುದರಿಂದ ಪೆನ್ ಡ್ರೈವಿನ ಉಪಾಯ ಅದಕ್ಕೆ ನಡೆಯದು. ಬೆರಳಚ್ಚಿನ ತಾಳೆಯೂ ಇಲ್ಲ. ಅಜ್ಜಿಯೊಬ್ಬಳು ಎಂಬತ್ತರ ವಯಸ್ಸಿನಲ್ಲಿ ಒಮ್ಮೆ ಹಾಡುವ ಪದವನ್ನು ಮುದ್ರಿಸಲು ಅಂಥ ಆವೃತ್ತಿಯನ್ನು ನಂಬುವುದು ಸಲ್ಲದು. ಕಲಿಕೆಗೆ ಅದಿರಲಿ, ಮುದ್ರಣಕ್ಕೆ ಸಂಖ್ಯೆಯುಳ್ಳ ಆವೃತ್ತಿಯೇ ಇರಲಿ.

ಪರೀಕ್ಷಾರ್ಥ ಆವೃತ್ತಿ ಬೇಕಾದಾಗ ಇಡೀ ವ್ಯವಸ್ಥೆಯನ್ನೇ ಆ ಮಟ್ಟಕ್ಕೆ ತೆರೆಯಬಾರದು. ‘ಪ್ಯಾಕೇಜ್ ಆ್ಯಕ್ಸೆಪ್ಟ್ ಕೀವರ್ಡ್ಸ್’ ಎಂಬ ಕೋಶದಲ್ಲಿ ಆ ಒಂದು ಪ್ಯಾಕೇಜಿನ ಹೆಸರನ್ನು ಮಾತ್ರ ಬರೆಯಬೇಕು. ಜೆಂಟೂವಿನ ಮುಖ್ಯ ಪಟ್ಟಿಯಲ್ಲಿ ಇಲ್ಲದ ಧ್ವನಿ ತಂತ್ರಾಂಶಗಳಿಗಾಗಿ ‘ಆಡಿಯೋ ಓವರ್‌ಲೇ’ ಎಂಬ ಹೆಚ್ಚುವರಿ ಭಂಡಾರವಿದೆ. ‘ಇಸೆಲೆಕ್ಟ್ ರೆಪೊಸಿಟರಿ’ ಎಂಬ ಸಾಧನದಿಂದ ಅದನ್ನು ಸೇರಿಸಿ, ‘ಇಮೇಂಟ್’ ಆಜ್ಞೆಯಿಂದ ತರಿಸಿಕೊಳ್ಳಬಹುದು. ಸೇರಿಸಿದ ತಕ್ಷಣ ಇನ್ನೊಂದು ಕೆಲಸ ಮಾಡಬೇಕು: ‘ಪ್ಯಾಕೇಜ್ ಮಾಸ್ಕ್’ನಲ್ಲಿ ಆ ಭಂಡಾರದ ಎಲ್ಲವನ್ನೂ ಮುಚ್ಚಿ, ಬೇಕಾದ ಒಂದೆರಡನ್ನು ಮಾತ್ರ ‘ಅನ್‌ಮಾಸ್ಕ್’ನಲ್ಲಿ ತೆರೆಯುವುದು. ಇಲ್ಲವಾದರೆ ಮುಖ್ಯ ಪಟ್ಟಿಯಲ್ಲಿರುವ ಪ್ಯಾಕೇಜಿನ ಬದಲು ಓವರ್‌ಲೇಯಲ್ಲಿನ ಅದೇ ಹೆಸರಿನದು ನುಸುಳಿಕೊಂಡು ಬರಬಹುದು.

ಯೂಸ್ ಫ್ಲ್ಯಾಗುಗಳು ಮತ್ತು ಜ್ಯಾಕ್‌ನ ಜಗಳ

ಯಾವ ತಂತ್ರಾಂಶಕ್ಕೆ ಯಾವ ಸಾಮರ್ಥ್ಯ ಇರಬೇಕು, ಯಾವುದು ಬೇಡ ಎಂಬುದನ್ನು ಯೂಸ್ ಫ್ಲ್ಯಾಗುಗಳು ನಿರ್ಧರಿಸುತ್ತವೆ. ಧ್ವನಿಯ ಯಂತ್ರಕ್ಕೆ ಆಲ್ಸಾ, ಜ್ಯಾಕ್, ಪೈಪ್‌ವೈರ್, ಎಲ್‌ವಿ2 ಇರಲಿ.

ಹೊಸಬರು ಹೆಚ್ಚಾಗಿ ಎಡವುವುದು ಜ್ಯಾಕ್‌ನ ವಿಷಯದಲ್ಲಿ. ಜ್ಯಾಕ್ ಸೇವೆಯನ್ನು ಒದಗಿಸಬಲ್ಲವು ಎರಡು: ಜ್ಯಾಕ್2 ಎಂಬ ಸ್ವತಂತ್ರ ಪ್ಯಾಕೇಜು, ಮತ್ತು ‘ಜ್ಯಾಕ್ ಎಸ್‌ಡಿಕೆ’ ಫ್ಲ್ಯಾಗಿನೊಂದಿಗೆ ಕಟ್ಟಿದ ಪೈಪ್‌ವೈರ್. ಎರಡೂ ಒಂದೇ ಹೆಸರಿನ ಗ್ರಂಥಾಲಯ ಕಡತಗಳನ್ನು ಕೊಡುವುದರಿಂದ ಒಂದೇ ಯಂತ್ರದಲ್ಲಿ ಒಟ್ಟಿಗೆ ಇರಲಾರವು. ಎರಡನ್ನೂ ಕೇಳಿದರೆ ಪೋರ್ಟೇಜ್ ಕೆಂಪಕ್ಷರದಲ್ಲಿ ‘ಬ್ಲಾಕ್ಸ್’ ಎಂದು ಬರೆದು ಕೈಕಟ್ಟಿ ಕೂರುತ್ತದೆ. ಒಂದನ್ನು ಆರಿಸಿ, ಇನ್ನೊಂದನ್ನು ತೆಗೆದರೆ ಜಗಳ ಮುಗಿಯಿತು. ಶಾಲೆಯ ಯಂತ್ರದಲ್ಲಿ ಧ್ವನಿಮುದ್ರಣದ ಜೊತೆಗೆ ವಿಡಿಯೋ ನೋಡುವುದೂ ಇರುವುದರಿಂದ ಪೈಪ್‌ವೈರ್ ಅನುಕೂಲ. ಎಲ್ಲ ದನಿಗಳೂ ಒಂದೇ ದಾರಿಯಲ್ಲಿ ಸಾಗುತ್ತವೆ. ಅದಕ್ಕೆ ‘ಸೌಂಡ್ ಸರ್ವರ್’ ಫ್ಲ್ಯಾಗೂ ಬೇಕು. ವ್ಯವಸ್ಥೆ ಸಿಸ್ಟಮ್‌ಡಿಯದ್ದಾದರೆ ಪೈಪ್‌ವೈರ್ ಹಾಗೂ ವೈರ್‌ಪ್ಲಂಬರ್ ಸೇವೆಗಳನ್ನು ಬಳಕೆದಾರರ ಹೆಸರಿನಲ್ಲಿ ಚಾಲೂ ಮಾಡಬೇಕು. ಓಪನ್‌ಆರ್‌ಸಿ ಆದರೆ ‘ಜೆಂಟೂ ಪೈಪ್‌ವೈರ್ ಲಾಂಚರ್’ ಅನ್ನು ಡೆಸ್ಕ್‌ಟಾಪ್ ತೆರೆಯುವಾಗ ಓಡುವಂತೆ ಇಡಬೇಕು. ಅನೇಕರು ‘ಸೌಂಡ್ ಬರುವುದಿಲ್ಲ’ ಎನ್ನುವುದು ಈ ಒಂದು ಹೆಜ್ಜೆ ಬಿಟ್ಟುಹೋದಾಗ.

ಇಷ್ಟಾದ ಮೇಲೆ ‘ಮೀಡಿಯಾ ಸೌಂಡ್’ ವರ್ಗದಲ್ಲಿನ ಆರ್ಡರ್ ಅನ್ನು ಇಮರ್ಜ್ ಮಾಡುವುದು. ಮೊದಲು ‘ಪ್ರಿಟೆಂಡ್’ ಆಯ್ಕೆಯಿಂದ ಪಟ್ಟಿಯನ್ನು ಓದಿಕೊಳ್ಳಬೇಕು. ಬೂಸ್ಟ್, ಎಫ್‌ಎಫ್‌ಟಿಡಬ್ಲ್ಯೂ, ರಬ್ಬರ್‌ಬ್ಯಾಂಡ್, ಆಬಿಯೋ, ಲಿಲ್ವ್ ಮೊದಲಾದ ಹತ್ತಾರು ಗ್ರಂಥಾಲಯಗಳು ಬೆನ್ನಿಗೆ ಬರುತ್ತವೆ. ರಾತ್ರಿ ಮಲಗುವ ಮುನ್ನ ಕೆಲಸ ಹಚ್ಚಿ ಮುಂಜಾನೆ ನೋಡುವುದು ಎಲ್ಲರ ರೂಢಿ. ನಡುವೆ ದೋಷ ಬಂದರೆ ಪರದೆಯ ಕೊನೆಯ ಸಾಲನ್ನಲ್ಲ, ‘ಬಿಲ್ಡ್ ಲಾಗ್’ ಕಡತದಲ್ಲಿ ‘ಎರರ್’ ಎಂಬ ಪದ ಮೊದಲು ಬಂದ ಜಾಗವನ್ನು ನೋಡಬೇಕು. ಕೊನೆಯಲ್ಲಿ ಕಾಣುವುದು ಪರಿಣಾಮ, ಕಾರಣ ಮೇಲಿರುತ್ತದೆ.

ವಿಳಂಬದ ಲೆಕ್ಕ

ಧ್ವನಿ ಒಳಬಂದು ಹೊರಹೋಗುವ ನಡುವಿನ ವಿಳಂಬದ ಬಗ್ಗೆ ಅತಿಯಾದ ಚರ್ಚೆ ನಡೆಯುತ್ತದೆ. ಲೆಕ್ಕ ಸರಳ: ಒಂದು ಕಂತಿನ ಮಾದರಿಗಳನ್ನು ಕಂತುಗಳ ಸಂಖ್ಯೆಯಿಂದ ಗುಣಿಸಿ, ಸೆಕೆಂಡಿನ ಮಾದರಿಗಳಿಂದ ಭಾಗಿಸಬೇಕು. 256 ಮಾದರಿಯ 2 ಕಂತು, 48,000 ದರ ಎಂದರೆ 10.67 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ; ಅಂದರೆ ಇದು ಹಾಡುಗಾರನಿಂದ ಮೂರೂವರೆ ಮೀಟರಿಗಿಂತ ತುಸು ದೂರ ಕುಳಿತು ಕೇಳಿದಂತೆ. ಹೆಡ್‌ಫೋನಿನಲ್ಲಿ ಕೇಳುತ್ತ ತಾಳ ಹಾಕುವವನಿಗೆ ಇದು ಸಾಕು. ಕೇವಲ ಕಥೆ, ಪಾಠ ಅಥವಾ ಪದ ಮುದ್ರಿಸುವಾಗ ವಿಳಂಬಕ್ಕೆ ಬೆಲೆಯೇ ಇಲ್ಲ. ಆಗ 1024 ಮಾದರಿಯ ಕಂತು ಇಟ್ಟರೆ ವಿಳಂಬ 42.7 ಮಿಲಿಸೆಕೆಂಡ್ ಆಗುತ್ತದೆ, ಆದರೆ ಹಳೆಯ ಯಂತ್ರ ಏದುಸಿರು ಬಿಡದೆ ಕೆಲಸ ಮಾಡುತ್ತದೆ. ದನಿಯಲ್ಲಿ ಚಟಪಟ ಸದ್ದು ಬೀಳುವುದಕ್ಕಿಂತ ವಿಳಂಬ ಮೇಲು.

ಆದರೂ ಧ್ವನಿಯ ಕೆಲಸಕ್ಕೆ ಉಳಿದೆಲ್ಲದಕ್ಕಿಂತ ಮೊದಲ ಮಣೆ ಸಿಗುವಂತೆ ಮಾಡಬೇಕು. ‘ರಿಯಲ್‌ಟೈಮ್ ಬೇಸ್’ ಎಂಬ ಪ್ಯಾಕೇಜು ಹಾಕಿ, ಬಳಕೆದಾರನನ್ನು ‘ರಿಯಲ್‌ಟೈಮ್’ ಗುಂಪಿಗೆ ಸೇರಿಸಿ, ಒಮ್ಮೆ ಹೊರಹೋಗಿ ಮತ್ತೆ ಒಳಬರಬೇಕು. ನೈಜಕಾಲದ ಕರ್ನೆಲ್‌ಗಾಗಿ ಮೊದಲು ಪ್ರತ್ಯೇಕ ತೇಪೆ ಹಚ್ಚಬೇಕಿತ್ತು; 2024ರ ನವೆಂಬರಿನ 6.12 ಆವೃತ್ತಿಯಿಂದ ಅದು ಮುಖ್ಯ ಲಿನಕ್ಸಿನಲ್ಲಿಯೇ ಸೇರಿದೆ. ನಮ್ಮ ಕೆಲಸಕ್ಕೆ ಅದೂ ಬೇಕಾಗುವುದಿಲ್ಲ. ಬೂಟ್ ಸಾಲಿನಲ್ಲಿ ‘ಪ್ರಿಎಂಪ್ಟ್ ಫುಲ್’ ಎಂಬ ಸೂಚನೆ ಕೊಟ್ಟು, ಸಂಸ್ಕಾರಕದ ವೇಗವನ್ನು ‘ಪರ್ಫಾರ್ಮೆನ್ಸ್’ಗೆ ಇಟ್ಟರೆ ಸಾಕು.

ಮುದ್ರಣ

ಯುಎಸ್‌ಬಿ ಆಡಿಯೋ ಪೆಟ್ಟಿಗೆ ಕೊಳ್ಳುವಾಗ ‘ಕ್ಲಾಸ್ ಕಂಪ್ಲಯಂಟ್’ ಎಂದಿರುವುದನ್ನು ಕೇಳಿ ಕೊಳ್ಳಬೇಕು. ಅದಕ್ಕೆ ಬೇರೆ ಚಾಲಕ ತಂತ್ರಾಂಶ ಬೇಕಿಲ್ಲ. ದರ 48,000, ಆಳ 24 ಬಿಟ್ ಇರಲಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುವ ಕನಿಷ್ಠ ಮಟ್ಟವೂ ಅದೇ. ಒಂದು ಗಂಟೆಯ ಏಕಪಥದ ಮುದ್ರಣ ಈ ಮಟ್ಟದಲ್ಲಿ 518 ಎಂಬಿಯಷ್ಟು ಜಾಗ ಹಿಡಿಯುತ್ತದೆ. ಸರಾಸರಿ ಮಟ್ಟ ಋಣ 18 ಡೆಸಿಬಲ್ ಸುತ್ತ ಇರಬೇಕು. ಡೊಳ್ಳಿನ ಮೊದಲ ಪೆಟ್ಟು ಯಾವ ಅಂದಾಜನ್ನೂ ಮೀರುವುದರಿಂದ ಅದಕ್ಕೆ ಇನ್ನೂ ಕೆಳಗಿಡುವುದು ಕ್ಷೇಮ. ಸದ್ದು ಕಳೆಯುವ ಆರ್‌ಎನ್‌ನಾಯ್ಸ್‌ನಂಥ ಸಾಧನಗಳು ಮನುಷ್ಯರ ಮಾತಿಗೆಂದು ತರಬೇತಿ ಪಡೆದಂಥವು. ಏಕತಾರಿಯ ಶ್ರುತಿಯನ್ನೂ ಅವು ಗದ್ದಲವೆಂದು ಒರೆಸಿಬಿಡಬಹುದು. ಪಾಠದ ಪ್ರತಿಗೆ ಬಳಸಬಹುದು, ಮೂಲಪ್ರತಿಗೆ ಎಂದಿಗೂ ಕೂಡದು.

ಕನ್ನಡದ ಬಳಕೆ

ಲೊಕೇಲ್ ಪಟ್ಟಿಯಲ್ಲಿ ಭಾರತದ ಕನ್ನಡದ ಯುಟಿಎಫ್-8 ಸಾಲನ್ನು ಸೇರಿಸಿ, ನೋಟೋ ಅಕ್ಷರಶೈಲಿ ಹಾಕಿಕೊಳ್ಳಬೇಕು. ಕೀಲಿಮಣೆಗೆ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ವಿನ್ಯಾಸವೂ ಲಿನಕ್ಸಿನಲ್ಲಿ ಮೊದಲೇ ಇದೆ. ಕಡತಗಳಿಗೆ ಕನ್ನಡದಲ್ಲಿ ಹೆಸರಿಡಲು ಅಡ್ಡಿಯಿಲ್ಲ, ಆದರೆ ಒಂದು ಮಿತಿಯಿದೆ. ಎಕ್ಸ್ಟ್4 ಕಡತವ್ಯವಸ್ಥೆಯಲ್ಲಿ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ವಳಸಂಗ’ ಎಂಬುದು 15 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ 18 ಬೈಟ್ ನುಂಗುತ್ತದೆ. ಆದ್ದರಿಂದ ಊರು, ದಿನಾಂಕ, ಪದದ ಹೆಸರು ಇಷ್ಟನ್ನೇ ಕಡತದ ಹೆಸರಿನಲ್ಲಿಟ್ಟು, ಹಾಡಿದವರು, ಅವರು ಯಾರಿಂದ ಕಲಿತರು, ಹಂಚಲು ಒಪ್ಪಿದರೇ ಎಂಬುದನ್ನೆಲ್ಲ ಜೊತೆಯ ಪಠ್ಯ ಕಡತದಲ್ಲಿ ಬರೆಯಬೇಕು. ಮಾತಿನ ನಡುವೆ ಮರಾಠಿ ಪದ ಬಂದರೆ ಬರಲಿ, ಬರವಣಿಗೆಯಲ್ಲಿ ಅದನ್ನು ತಿದ್ದಬಾರದು. ಈ ನೆಲದ ಕನ್ನಡವಿರುವುದೇ ಹಾಗೆ.

ಆರ್ಡರ್‌ನ ಸೆಷನ್ ಕಡತ ಎಕ್ಸ್‌ಎಂಎಲ್ ರೂಪದ ಸಾದಾ ಪಠ್ಯ. ತಂತ್ರಾಂಶವೇ ಇಲ್ಲದ ಕಾಲದಲ್ಲಿಯೂ ಅದನ್ನು ಓದಬಹುದು. ಧ್ವನಿ ಕಡತಗಳು ಅದೇ ಕೋಶದಲ್ಲಿ ಬೇರೆಯಾಗಿಯೇ ಇರುತ್ತವೆ. ಮುಗಿದ ಮುದ್ರಣಗಳನ್ನು ಫ್ಲ್ಯಾಕ್ ರೂಪಕ್ಕೆ ಹೊರತೆಗೆದು ಕನಿಷ್ಠ ಮೂರು ಪ್ರತಿ ಇಡಬೇಕು, ಅದರಲ್ಲಿ ಒಂದು ಬೇರೆ ಊರಿನಲ್ಲಿರಬೇಕು.

ಹಂಚಿಕೆ ಮತ್ತು ನವೀಕರಣ

ಪ್ರತಿ ಶಾಲೆಯಲ್ಲೂ ಕಂಪೈಲ್ ಮಾಡುವ ಅಗತ್ಯವಿಲ್ಲ. ಗಟ್ಟಿಯಾದ ಒಂದು ಯಂತ್ರದಲ್ಲಿ ‘ಬಿಲ್ಡ್‌ಪ್ಯಾಕೇಜ್’ ಎಂಬ ಗುಣವನ್ನು ಚಾಲೂ ಮಾಡಿದರೆ, ಕಟ್ಟಿದ ಪ್ರತಿಯೊಂದೂ ‘ಬಿನ್‌ಪ್ಯಾಕೇಜಸ್’ ಕೋಶದಲ್ಲಿ ಸಿದ್ಧ ಕಟ್ಟಾಗಿ ಉಳಿಯುತ್ತದೆ. ಆ ಕೋಶವನ್ನು ಪೆನ್ ಡ್ರೈವಿನಲ್ಲಿ ಒಯ್ದು, ಅದೇ ಪ್ರೊಫೈಲ್ ಹಾಗೂ ಅದೇ ಫ್ಲ್ಯಾಗುಗಳಿರುವ ಇನ್ನೊಂದು ಯಂತ್ರದಲ್ಲಿ ‘ಯೂಸ್‌ಪ್ಯಾಕೇಜ್’ ಆಯ್ಕೆಯಿಂದ ಹಾಕಿದರೆ ನಿಮಿಷಗಳಲ್ಲಿ ಮುಗಿಯುತ್ತದೆ. ಒಬ್ಬರ ಮನೆಯಲ್ಲಿ ಬೀಸಿದ ಹಿಟ್ಟು ನಾಲ್ಕು ಮನೆಗೆ ಆಯಿತು.

ಮುದ್ರಣದ ಕೆಲಸ ಅರ್ಧದಲ್ಲಿರುವಾಗ ವ್ಯವಸ್ಥೆಯನ್ನು ನವೀಕರಿಸಬಾರದು. ಹಳೆಯ ಆರ್ಡರ್‌ನ ಸೆಷನ್ ಹೊಸದರಲ್ಲಿ ತೆರೆಯುತ್ತದೆ, ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವ ಭರವಸೆಯಿಲ್ಲ. ಹಾಗಾಗಿ ನವೀಕರಣಕ್ಕೆ ಮುನ್ನ ಸೆಷನ್ ಕೋಶದ ಪ್ರತಿ ತೆಗೆದು, ‘ಕ್ವಿಕ್‌ಪ್ಯಾಕೇಜ್’ ಆಜ್ಞೆಯಿಂದ ಈಗ ಚೆನ್ನಾಗಿ ನಡೆಯುತ್ತಿರುವ ಆರ್ಡರ್ ಹಾಗೂ ಪೈಪ್‌ವೈರ್‌ಗಳ ಸಿದ್ಧ ಕಟ್ಟನ್ನು ಮಾಡಿಟ್ಟುಕೊಳ್ಳಬೇಕು. ಹೊಸದು ಕೈಕೊಟ್ಟರೆ ಆ ಕಟ್ಟನ್ನು ಮರಳಿ ಹಾಕಿ, ‘ಪ್ಯಾಕೇಜ್ ಮಾಸ್ಕ್’ನಲ್ಲಿ ಹೊಸ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟರೆ ಮುಂದಿನ ನವೀಕರಣದಲ್ಲಿ ಅದು ಮತ್ತೆ ಬರುವುದಿಲ್ಲ.